ಮುಚ್ಚಿದ ತಂತಿ

ಎರಡನೆಯ ಶನಿವಾರ. ಉದಯಕುಮಾರನ ಕಚೇರಿಗೆ ರಜೆ, ಕರುಣಾಳ ಹೈಸ್ಕೂಲಿಗೆ ಬೆಳಗಿನ ಪಾಳಿ. ಏಳೂವರೆಗೆ ಸ್ಕೂಟಿಯನ್ನು ಗೇಟಿನಾಚೆ ಇಳಿಸುತ್ತ ಅವಳು ಹೆಲ್ಮೆಟ್ಟಿನೊಳಗಿಂದಲೇ ಹೇಳಿದಳು: "ಹತ್ತಕ್ಕ ಮಾವನವರಿಗೆ ಹಾಲಾಗ ರೊಟ್ಟಿ ನೆನಸಿ ಕೊಡ್ರಿ. ಗೇಟಿನ ಚಿಲಕಾ ಮರೀಬ್ಯಾಡ್ರಿ. ಮತ್ತ ಗಿಟಾರ ಬಾರಸೂದಿದ್ರ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡ ಬಾರಸ್ರಿ. ನೀವು ಆ ಡಬ್ಬಿ ಹಚ್ಚಿದ ದಿನಾ ಅವರು ಬಾಯಾಗ ತುತ್ತ ಇಡೂದಿಲ್ಲ." ಉದಯಕುಮಾರ ಹೂಂ ಅಂದ. ಮದುವೆಯಾಗಿ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಅಂದ ಹೂಂಗಳನ್ನೆಲ್ಲ ಒಟ್ಟಿದರೆ ಒಂದು ಬಣವೆಯಾದೀತು, ಅದರಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂಬುದು ಕರುಣಾಳಿಗೆ ಗೊತ್ತಿತ್ತು. ಮುದುಕರ ಹಸಿವೆಗೂ ಗಿಟಾರಿಗೂ ಎಲ್ಲಿಯ ಸಂಬಂಧ, ಎಂಬತ್ತೊಂದರ ವಯಸ್ಸು, ಒಂದು ದಿನ ಉಣ್ಣುತ್ತಾರೆ ಒಂದು ದಿನ ಇಲ್ಲ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಳ್ಳುವಾಗಲೇ ಬುಧವಾರ ಡಾಕ್ಟರು ಅಪ್ಪನ ತೋಳಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟದ್ದು, ಅದು ಎತ್ತಿದ ಹಾಗೇ ಸುಕ್ಕಾಗಿ ನಿಂತದ್ದು ಕಣ್ಣಿಗೆ ಬಂತು. ಸೋಮವಾರದೊಳಗೆ ಹೊಟ್ಟೆಗೆ ಗಟ್ಟಿಯಾದದ್ದೇನಾದರೂ ಇಳಿಯದಿದ್ದರೆ ಭರ್ತಿ ಮಾಡಿ ಮೂಗಿನಿಂದ ನಳಿಗೆ ಹಾಕಬೇಕಾಗುತ್ತದೆ ಎಂದಿದ್ದರು. ಇನ್ನು ಎರಡು ದಿನ. ಕರುಣಾ ಬೆಳಿಗ್ಗೆ ತಿನ್ನಿಸುವ ನಾಲ್ಕು ಚಮಚ ಗಂಜಿ, ಮತ್ತೆ ಚಹಾ. ಚಹಾ ಒಂದನ್ನು ಮಾತ್ರ ಅಪ್ಪ ಹುಲಗಪ್ಪ ಎಂದೂ ಬೇಡ ಅನ್ನುತ್ತಿರಲಿಲ್ಲ. ಇತ್ತೀಚೆಗೆ ಕುಡಿದ ಕಪ್ಪನ್ನು ತಾನೇ ಗೋಡೆ ಹಿಡಿದು ಹಿತ್ತಲಿಗೆ ಒಯ್ದು, ನಲ್ಲಿಯ ಕೆಳಗೆ ತೊಳೆದು, ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿ ಬರುತ್ತಿದ್ದ. "ಪಾಪ, ಸೊಸಿಗೆ ತ್ರಾಸ ಆಗಬಾರದಂತ" ಎಂದು ಕರುಣಾ ಕಣ್ಣು ಒದ್ದೆ ಮಾಡಿಕೊಂಡಿದ್ದಳು. ಉದಯಕುಮಾರ ಆ ಬೋರಲು ಕಪ್ಪನ್ನು ನೋಡಿದ್ದ, ನೋಡಿ ಬೇರೆ ಕಡೆ ನೋಡಿದ್ದ.

ನವನಗರದ ಆ ಮನೆಗೆ ಹಾಲ್ ಒಂದು, ಕೋಣೆ ಎರಡು. ಹಿಂದಿನ ಕೋಣೆಯಲ್ಲಿ ಅಪ್ಪನ ಕಬ್ಬಿಣದ ಮಂಚ. ಅದಕ್ಕೆ ಅಂಟಿದ ಸಣ್ಣ ಕೋಣೆಯಲ್ಲಿ ಉದಯಕುಮಾರನ ಪುಸ್ತಕಗಳು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳು, ಅವುಗಳ ಕೆಳಗೆ ಸಮುದ್ರದ ಹಸಿರು ಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಇಲೆಕ್ಟ್ರಿಕ್ ಗಿಟಾರು ಮತ್ತು ಕರುಣಾ ಡಬ್ಬಿ ಎಂದು ಕರೆಯುವ ಆ್ಯಂಪ್ಲಿಫಾಯರ್. ಅದರ ಹೊಟ್ಟೆಯಲ್ಲಿ ಉದ್ದನೆಯ ಸ್ಪ್ರಿಂಗುಗಳಿದ್ದವು. ತಂತಿಯ ಸದ್ದು ಆ ಸ್ಪ್ರಿಂಗುಗಳೊಳಗೆ ಹಾಯ್ದು ಬರುವಾಗ ಬಾವಿಯೊಳಗೆ ಕೂಗಿದ ಹಾಗೆ ಒದ್ದೆಯಾಗಿ ಬರುತ್ತಿತ್ತು. ಐವತ್ತೇಳನೆಯ ವರ್ಷಕ್ಕೆ, ಇನ್ನು ಮೂರು ವರ್ಷಕ್ಕೆ ನಿವೃತ್ತಿಯಾಗಲಿರುವ ಶಿಕ್ಷಣ ಇಲಾಖೆಯ ಸೂಪರಿಂಟೆಂಡೆಂಟನಿಗೆ ಇದೇನು ಹುಚ್ಚು ಎಂದು ಕಚೇರಿಯಲ್ಲಿ ನಕ್ಕಿದ್ದರು. ಅರವತ್ತಕ್ಕೆ ಬರಬೇಕಾದ ಅರಳು ಮರಳು ಸಾಹೇಬರಿಗೆ ಪ್ರಮೋಷನ್ ಮೇಲೆ ಮೂರು ವರ್ಷ ಮೊದಲೇ ಬಂದಿದೆ ಎಂದವನೂ ಇದ್ದ. ಉದಯಕುಮಾರನೂ ಅವರ ಜೊತೆ ನಕ್ಕಿದ್ದ. ಅವನಿಗೆ ಮೊದಲಿಂದಲೂ ತನ್ನನ್ನು ನೋಡಿ ನಗುವವರ ಜೊತೆ ಒಂದು ಕ್ಷಣ ಮೊದಲೇ ನಗುವ ಅಭ್ಯಾಸ.

ಆ ಸಂಗೀತವನ್ನು ಅವನು ಮೊದಲು ಕೇಳಿದ್ದು ರಾಯಾಪುರದ ಒಂದು ಕಲ್ಯಾಣಮಂಟಪದಲ್ಲಿ, ಕೈಯಲ್ಲಿ ಊಟದ ತಟ್ಟೆ ಹಿಡಿದು ನಿಂತಾಗ. ಹಾಡುವವರು ಊಟಕ್ಕೆ ಇಳಿದಿದ್ದರು, ಕೇಳುವವರು ಜಿಲೇಬಿಯ ಸಾಲಿನಲ್ಲಿದ್ದರು. ಆರ್ಕೆಸ್ಟ್ರಾದ ಗಿಟಾರಿನ ಬಂದೇನವಾಜ ಒಬ್ಬನೇ ವೇದಿಕೆಯ ಮೂಲೆಯಲ್ಲಿ ಕೂತು ತನ್ನ ಪಾಡಿಗೆ ತಾನು ಬಾರಿಸುತ್ತಿದ್ದ. ಒಂದೇ ತಂತಿಯ ಮೇಲೆ ಮೀಟುವ ಕಡ್ಡಿ ಅಷ್ಟು ವೇಗವಾಗಿ ಮೇಲೆ ಕೆಳಗೆ ಆಡುತ್ತಿತ್ತೆಂದರೆ ಒಂದು ಸ್ವರ ನೂರು ಚೂರಾಗಿ ಮತ್ತೆ ಒಂದೇ ಆಗಿ ಕೇಳುತ್ತಿತ್ತು. ನಡುವೆ ಮೇಲಿಂದ ಕೆಳಗೆ ಒಮ್ಮೆಲೇ ಜಾರುತ್ತಿತ್ತು. ಉದಯಕುಮಾರನ ಅನ್ನ ತಟ್ಟೆಯಲ್ಲೇ ಆರಿತು. ಇದು ಸರ್ಫ್ ಗಿಟಾರ್, ಅರವತ್ತು ವರ್ಷಗಳ ಹಿಂದೆ ಅಮೆರಿಕದ ಕಡಲ ದಂಡೆಯ ಹುಡುಗರು ಬಾರಿಸುತ್ತಿದ್ದದ್ದು, ತೆರೆಯ ಮೇಲೆ ನಿಂತು ಜಾರುವವರ ಸಂಗೀತ, ಇದರಲ್ಲಿ ಹಾಡು ಇಲ್ಲ, ಮಾತು ಇಲ್ಲ ಎಂದು ಬಂದೇನವಾಜ ಆಮೇಲೆ ವಿವರಿಸಿದ. ಕಡಲು ಇಲ್ಲಿಂದ ನೂರಾರು ಮೈಲು. ಉದಯಕುಮಾರ ಅದನ್ನು ಸರಿಯಾಗಿ ನೋಡಿದ್ದು ಒಮ್ಮೆ ಮಾತ್ರ, ಇಲಾಖೆಯ ತರಬೇತಿಗೆ ಕಾರವಾರಕ್ಕೆ ಹೋದಾಗ. ಆದರೆ ಅವನನ್ನು ಹಿಡಿದದ್ದು ಕಡಲಲ್ಲ. ಈ ಊರುಗಳಲ್ಲಿ ಸಂಗೀತವೆಂದರೆ ಯಾರೋ ಒಬ್ಬರದಾಗಿರುತ್ತದೆ: ಯಾರ ಶಿಷ್ಯ, ಯಾವ ಮನೆತನ, ಯಾರ ಮಗ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ನೌಕರಿ ಹೊಸದಾಗಿದ್ದಾಗ, ಅವನು ಧಾರವಾಡದ ಒಂದು ಓಣಿಯಲ್ಲಿ ತಬಲಾ ಕಲಿಯಬೇಕೆಂದು ಒಬ್ಬ ಹಿರಿಯರ ಮನೆಗೆ ಹೋಗಿದ್ದ. ಅವರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು, ಅವನ ಕೈ ಹಿಡಿದು ಬೆರಳುಗಳನ್ನು ನೋಡಿ, "ಛಲೋ ಕೈ ಅದ. ಮನ್ಯಾಗ ಯಾರರೆ ಬಾರಸತಿದ್ರೇನು? ತಂದಿಯವರು?" ಎಂದು ಕೇಳಿದರು. ಅದರಲ್ಲಿ ವಿಷವೇನೂ ಇರಲಿಲ್ಲ. ಇಲ್ಲರಿ, ನಮ್ಮನ್ಯಾಗ ಯಾರೂ ಇಲ್ಲರಿ ಎಂದು ಅಂದ ಅವನು ಮರುದಿನದಿಂದ ಆ ಓಣಿಯಲ್ಲಿ ತಿರುಗಾಡುವುದನ್ನೇ ಬಿಟ್ಟ. ಸರ್ಫ್ ಗಿಟಾರನ್ನು ಹಿಡಿದು ಕೂತವನನ್ನು ನೀನು ಯಾರ ಮಗ ಎಂದು ಯಾರೂ ಕೇಳಲಾರರು. ಇದಕ್ಕೆ ಅಪ್ಪನಿಲ್ಲ, ಅಜ್ಜನಿಲ್ಲ. ಹಾಗೆಂದುಕೊಂಡೇ ಅವನು ಬಂದೇನವಾಜನ ಕ್ಲಾಸಿಗೆ ಸೇರಿದ್ದ.

ಸೇರಿ ಏಳು ತಿಂಗಳಾದರೂ ಏನೂ ಬಂದಿರಲಿಲ್ಲ. ಎಡಗೈ ಹೇಗೋ ಸ್ವರಗಳ ಜಾಗ ಕಲಿತಿತ್ತು, ಬಲಗೈ ಮಾತ್ರ ಕಟ್ಟಿಗೆ. ಅವನ ಜೊತೆಗೆ ಕ್ಲಾಸಿನಲ್ಲಿದ್ದವರು ಕಾಲೇಜಿನ ಮಕ್ಕಳು. ಅವರು ಅವನನ್ನು ಅಂಕಲ್ ಎಂದು ಕರೆದು ಕುರ್ಚಿ ಬಿಟ್ಟುಕೊಡುತ್ತಿದ್ದರು, ಅವನು ತಪ್ಪಿದಾಗ ಒಬ್ಬರ ಮುಖ ಒಬ್ಬರು ನೋಡದಿರಲು ಪ್ರಯತ್ನಪಡುತ್ತಿದ್ದರು. ಆ ಪ್ರಯತ್ನವೇ ಅವನಿಗೆ ಹೆಚ್ಚು ನೋಯುತ್ತಿತ್ತು. ತಿಂಗಳ ಹಿಂದೆ ಬಂದೇನವಾಜ ಅವನ ಗಿಟಾರಿನ ತಂತಿಗಳ ಮೇಲೆ ತನ್ನ ಅಂಗೈಯನ್ನು ಚಪ್ಪಟೆಯಾಗಿ ಇಟ್ಟ. "ಸರ್, ಎಡಗೈ ಯಾರಿಗರೆ ಬರ್ತೈತ್ರಿ. ಇದು ಮಣಿಕಟ್ಟಿನ ಆಟ. ಒಂದು ತಿಂಗಳ ನಿಮಗ ಸ್ವರಾ ಬಂದ್. ಎಡಗೈಲೆ ತಂತಿ ಮುಚ್ಚಿ ಹಿಡೀರಿ, ಬಲಗೈಲೆ ಬರೇ ಬಡೀರಿ. ಟಕ ಟಕ ಟಕ. ಮಣಿಕಟ್ಟು ಸಡ್ಲ ಬಿಡ್ರಿ. ಸಿಟ್ಟಲೆ ಹಿಡದೀರಿ ನೀವು ಅದನ್ನ, ಯಾರ ಮ್ಯಾಲೆ ಅಷ್ಟ ಸಿಟ್ಟು?" ಹಾಗೆ ಶುರುವಾಯಿತು ಮುಚ್ಚಿದ ತಂತಿಯ ಅಭ್ಯಾಸ. ತಂತಿ ಮುಚ್ಚಿದರೆ ಗಿಟಾರಿಗೆ ಸ್ವರವಿಲ್ಲ, ಬರಿಯ ಒಣ ಬಡಿತ. ಅದು ಡಬ್ಬಿಯ ಸ್ಪ್ರಿಂಗುಗಳಲ್ಲಿ ಹಾಯ್ದು ಹೊರಬರುವಾಗ ಅಗಲವಾಗಿ, ದೂರದಿಂದ ಬಂದ ಹಾಗೆ, ಚರ್ಮದ ಮೇಲೆ ಬಿದ್ದ ಹಾಗೆ ಕೇಳುತ್ತಿತ್ತು.

ಮೂರನೆಯ ದಿನ ಗೋಡೆಯಾಚೆಯಿಂದ ಉತ್ತರ ಬಂತು. ಮೊದಲು ಅವನು ಅದು ಪಕ್ಕದ ಮನೆಯವರ ಮಿಕ್ಸರ್ ಇರಬೇಕೆಂದುಕೊಂಡ. ಕೈ ನಿಲ್ಲಿಸಿದ, ಅದೂ ನಿಂತಿತು. ಮತ್ತೆ ಬಡಿದ, ಮತ್ತೆ ಬಂತು. ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡಿದರೆ ಮಲಗಿದ್ದ ಹುಲಗಪ್ಪನ ಕಣ್ಣು ಮುಚ್ಚಿತ್ತು, ಎರಡೂ ಕೈಗಳ ಬೆರಳುಗಳು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಓಡುತ್ತಿದ್ದವು. ಎರಡು ವರ್ಷದಿಂದ ಆ ಮನುಷ್ಯ ಮಗನನ್ನು ಗುರುತಿಸಿರಲಿಲ್ಲ. ಸೊಸೆಯನ್ನು ಯವ್ವಾ ಅನ್ನುತ್ತಿದ್ದ. ಮಗ ಎದುರಿಗೆ ಬಂದರೆ ಸಾಹೇಬರು ಬಂದರೆಂದು ಏಳಲು ನೋಡುತ್ತಿದ್ದ. ಹೆಸರು ಹೋಗಿತ್ತು, ಊರು ಹೋಗಿತ್ತು, ಸತ್ತ ಹೆಂಡತಿ ಅಕ್ಕವ್ವನ ಮುಖ ಹೋಗಿತ್ತು. ಬೆರಳು ಮಾತ್ರ ಉಳಿದಿತ್ತು. ಮಗನ ಬಡಿತ ಎಲ್ಲಿ ಮುಗ್ಗರಿಸುತ್ತಿತ್ತೋ ಅಲ್ಲಿ ಅವು ಅರೆಕ್ಷಣ ಕಾದು, ಅವನನ್ನು ಕೈಹಿಡಿದು ದಾಟಿಸಿ ಮುಂದೆ ಹೋಗುತ್ತಿದ್ದವು. ಉದಯಕುಮಾರ ಮರಳಿ ಬಂದು ಹೆಡ್‌ಫೋನಿನ ತಂತಿಯನ್ನು ಸುತ್ತಿ ಮೇಜಿನ ಖಾನೆಗೆ ಹಾಕಿದ. ಅಂದಿನಿಂದ ಇಪ್ಪತ್ತೆರಡು ದಿನ ಅವನು ಕಲಿತದ್ದು ಬಂದೇನವಾಜನ ಹತ್ತಿರ ಅಲ್ಲ. ಕಚೇರಿಗೆ ಹೋಗುವ ಮೊದಲು ಒಂದು ತಾಸು, ಬಂದಮೇಲೆ ಒಂದು ತಾಸು. ಗೋಡೆಯ ಈಚೆ ಅವನು, ಆಚೆ ಅಪ್ಪ. ಅಷ್ಟು ಸುಖವಾಗಿ ಅವನು ಅಪ್ಪನ ಜೊತೆ ಎಂದೂ ಇದ್ದಿರಲಿಲ್ಲ. ಮಣಿಕಟ್ಟು ತಾನಾಗಿ ಸಡಿಲಾಯಿತು. ಕಳೆದ ವಾರ ತಂತಿಯ ಮೇಲಿನ ಎಡಗೈ ತೆಗೆದು ಟ್ಯೂನು ಬಾರಿಸಿದಾಗ ಕ್ಲಾಸಿನ ಹುಡುಗರು ನಿಜವಾಗಿಯೇ ತಿರುಗಿ ನೋಡಿದರು. ಬಂದೇನವಾಜ ಅವನ ಭುಜ ಹಿಡಿದು, "ಯಾ ಖುದಾ! ಸರ್, ಖರೇ ಹೇಳ್ರಿ, ಯಾರ ಕಡೆ ಕಲಿಯಾಕತ್ತೀರಿ ನನ್ನ ಬಿಟ್ಟು?" ಎಂದು ನಕ್ಕ. ಉದಯಕುಮಾರ, "ಮೊಬೈಲ್ ನೋಡಿ" ಎಂದ. ಮೂವತ್ತೊಂದು ವರ್ಷಗಳ ಹಿಂದೆ ತಬಲಾದ ಹಿರಿಯರ ಮುಂದೆ ಬಂದಷ್ಟೇ ಸರಾಗವಾಗಿ ಆ ಸುಳ್ಳು ಅವನ ಬಾಯಿಂದ ಬಂತು. ನಾಳೆ ಭಾನುವಾರ ವಿದ್ಯಾರ್ಥಿಗಳೆಲ್ಲ ಒಬ್ಬರ ಮುಂದೊಬ್ಬರು ಬಾರಿಸುವುದಿತ್ತು. ಅವನ ಪಾಲಿಗೆ ಎರಡೂವರೆ ನಿಮಿಷದ ಒಂದು ಟ್ಯೂನು, ಮೊದಲಿಂದ ಕೊನೆಯವರೆಗೆ.

ಆದ್ದರಿಂದ ಕರುಣಾಳ ಸ್ಕೂಟಿಯ ಸದ್ದು ತಿರುವು ದಾಟಿದ್ದೇ ಅವನು ಒಳಗೆ ಬಂದು ಡಬ್ಬಿಯ ಸ್ವಿಚ್ಚು ಒತ್ತಿದ. ಹೆಡ್‌ಫೋನು ಖಾನೆಯಲ್ಲೇ ಇತ್ತು. ಒಂದೇ ದಿನ, ನಾಳೆಯ ಮಟ್ಟಿಗೆ, ಸೋಮವಾರದಿಂದ ಬಿಡುತ್ತೇನೆ ಎಂದುಕೊಂಡ. ಕುಡುಕರು ಹೀಗೇ ಅಂದುಕೊಳ್ಳುತ್ತಾರೆ ಎಂದೂ ಅನಿಸಿತು. ತಂತಿ ಮುಚ್ಚಿ ಬಡಿದ. ಗೋಡೆಯಾಚೆ ಕಬ್ಬಿಣ ಸಣ್ಣಗೆ ಉತ್ತರಿಸಿತು, ಇವತ್ತು ಎಂದಿಗಿಂತ ದುರ್ಬಲವಾಗಿ, ಆದರೆ ಎಲ್ಲೂ ತಪ್ಪದೆ. ಆ ಬೆರಳುಗಳಲ್ಲಿ ಬಲ ಎಷ್ಟು ಉಳಿದಿತ್ತೋ. ಒಂದು ಕಾಲಕ್ಕೆ ಹಲಗಿ, ಸಾವಿನ ಮನೆಯ ಮುಂದೆ ಬಡಿಯುವ ಆ ಚರ್ಮದ ತಮಟೆ, ಹಿಡಿದಾಗ ಹುಲಗಪ್ಪನ ಬಲಗೈ ಕಾಣುತ್ತಿರಲಿಲ್ಲ, ಅಂಥ ವೇಗ. ಸುತ್ತ ಹತ್ತು ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಯಾರು ಸತ್ತರೂ ಕರೆ ಬರುತ್ತಿದ್ದದ್ದು ಅವನಿಗೆ. ಹುಲ್ಲಿನ ಬೆಂಕಿಯ ಮೇಲೆ ಹಲಗಿಯನ್ನು ಹಿಡಿದು ಕಾಸಿ, ಬೆರಳಿನಿಂದ ಒಮ್ಮೆ ಮೀಟಿ, ಕಿವಿಗೊಟ್ಟು ಕೇಳಿ ಮತ್ತೆ ಕಾಸುತ್ತಿದ್ದ. ಆ ಚರ್ಮ ಬಿಗಿಯುವ ವಾಸನೆ ಉದಯಕುಮಾರನ ಮೂಗಿಗೆ ಈಗಲೂ ಬರುತ್ತದೆ, ಜೊತೆಗೇ ಆ ಚರ್ಮ ಸುಟ್ಟ ವಾಸನೆಯೂ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಹಾಸ್ಟೆಲಿನ ಆರು ಗೆಳೆಯರನ್ನು ಕಟ್ಟಿಕೊಂಡು ಅವನು ಊರಿಗೆ ಹೋಗಿದ್ದ. ಸತ್ತವರ ಮನೆಯ ಅಂಗಳದಾಚೆ ನಿಂತು ಬಡಿಯುವುದು ಇವತ್ತಿಗೆ ಮುಗಿಯಿತು, ಇದು ಕಲೆಯಲ್ಲ ಗುಲಾಮಗಿರಿ ಎಂದು ಕೇರಿಯ ನಡುವೆ ನಿಂತು ಮಾತಾಡಿದ್ದ. ಮಾತು ಸರಿ ಇತ್ತು. ಇವತ್ತೂ ಯಾರಾದರೂ ಕೇಳಿದರೆ ಅವನು ಅದನ್ನೇ ಹೇಳುತ್ತಾನೆ, ಒಂದಕ್ಷರ ಕಡಿಮೆ ಮಾಡದೆ. ಸರಿ ಇಲ್ಲದ್ದು ಇನ್ನೊಂದಿತ್ತು. ಹಲಗಿಗಳನ್ನು ಸುಡಲು ಬೆಂಕಿ ಹಾಕಿ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದಾಗ ಮೊದಲ ಹಲಗಿ ಯಾರದು ಎಂಬ ಪ್ರಶ್ನೆ ಬಂತು, ಆಗ ಅವನು ಅಪ್ಪನ ಕಡೆ ಕೈ ತೋರಿಸಿದ್ದ. ಮನೆಯೊಳಗೆ ಒಮ್ಮೆ ಕೇಳಬಹುದಿತ್ತು. ಕೇಳಿರಲಿಲ್ಲ. ಹುಲಗಪ್ಪ ಒಂದು ಮಾತಾಡದೆ ಒಳಗೆ ಹೋಗಿ ಹಲಗಿ ತಂದು, ಅಭ್ಯಾಸಬಲದಿಂದ ಅದನ್ನು ಬೆಂಕಿಯ ಮೇಲೆ ಕಾಸುವ ಹಾಗೆ ಹಿಡಿದ, ಬೆರಳಿನಿಂದ ಒಮ್ಮೆ ಮೀಟಿದ. ಆಮೇಲೆ ಬಿಟ್ಟ. ಗೆಳೆಯರು ಚಪ್ಪಾಳೆ ಹೊಡೆದರು.

ಹನ್ನೊಂದು ವರ್ಷ ಕಳೆದು ಅಕ್ಕವ್ವ ತೀರಿಕೊಂಡಾಗ ಈ ನವನಗರದ ಮನೆ ಹೊಸದು. ಬುದ್ಧವಂದನೆಯಾಗಿತ್ತು, ಇಲಾಖೆಯ ಜನ ಬಿಳಿ ಬಟ್ಟೆಯಲ್ಲಿ ಬಂದು ನಿಂತಿದ್ದರು. ಹುಲಗಪ್ಪ ಮಗನನ್ನು ಹಿತ್ತಲಿಗೆ ಕರೆದು, ಅವನ ಮುಖ ನೋಡದೆ, ಅಂಗಿಯ ಗುಂಡಿ ನೋಡುತ್ತ ಕೇಳಿದ್ದ: "ಊರಾಗ ಯಾರದರೆ ಒಂದ ಹಲಗಿ ಸಿಕ್ಕೀತೇನ ನೋಡ್ತಿಯೇನೋ? ಮಂದಿ ಹೆಣಕ್ಕೆಲ್ಲಾ ಬಾರಿಸೇನಿ. ನಿಮ್ಮವ್ವಗ ಒಂದ ಸಲ, ಒಂದ ಸುತ್ತ." ಉದಯಕುಮಾರ ಬ್ಯಾಡ ಅಂದಿದ್ದ. ಸಿಟ್ಟು ಮಾಡಿರಲಿಲ್ಲ, ಬಹಳ ಮೆತ್ತಗೆ, ಬುದ್ಧಿ ಹೇಳುವವರ ಹಾಗೆ, "ಬ್ಯಾಡಪ್ಪಾ. ಮಂದಿ ಅದಾರ" ಅಂದಿದ್ದ. ಸ್ಮಶಾನದ ದಾರಿಯುದ್ದಕ್ಕೂ ಹುಲಗಪ್ಪನ ಎರಡೂ ಕೈ ಅಂಗಿಯ ಜೇಬಿನೊಳಗಿದ್ದವು. ಕೈ ಮುಚ್ಚಿಕೊಂಡು ನಡೆಯುವವರನ್ನು ಕಂಡರೆ ಉದಯಕುಮಾರ ಆಮೇಲೆ ಎಷ್ಟೋ ವರ್ಷ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದ. ಈಗ ಈ ಗೋಡೆಯ ಎರಡೂ ಬದಿಗೆ ಎರಡು ಬಲಗೈಗಳು ಓಡುತ್ತಿರುವಾಗ ತಾನು ಆ ಸಾಲವನ್ನೇ ತೀರಿಸುತ್ತಿದ್ದೇನೆ ಎಂದು ಅವನಿಗೆ ಅನಿಸಿತು, ಅನಿಸಿದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು. ತಂತಿ ಬಿಟ್ಟ. ಟ್ಯೂನು ಎದ್ದಿತು. ಮೊದಲ ಭಾಗ, ನಡುವಿನ ಜಾರು, ಮತ್ತೆ ಮೊದಲ ಭಾಗ, ಕೊನೆಯ ಇಳಿಜಾರು, ಎಲ್ಲಿಯೂ ಮುಗ್ಗರಿಸದೆ. ಎಂಟು ತಿಂಗಳಲ್ಲಿ ಮೊದಲ ಸಲ ಪೂರ್ತಿ. ಸ್ಪ್ರಿಂಗಿನೊಳಗಿನ ಕೊನೆಯ ಗುಂಗು ಆರುವವರೆಗೆ ಅವನು ಕಣ್ಣು ಮುಚ್ಚಿ ಕೂತಿದ್ದ. "ಅಪ್ಪಾ, ಬಂತಲ್ಲೋ" ಎಂದು ಗಟ್ಟಿಯಾಗಿಯೇ ಅಂದ. ಗೋಡೆಯಾಚೆ ಏನೂ ಕೇಳಲಿಲ್ಲ. ಎಷ್ಟು ಹೊತ್ತಿನಿಂದ ಕೇಳುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿರಲಿಲ್ಲ.

ಮಂಚ ಖಾಲಿ ಇತ್ತು. ಹಾಸಿಗೆಯ ಮೇಲಿನ ಟವೆಲ್ಲು ಇರಲಿಲ್ಲ. ಮುಂಬಾಗಿಲು ತೆರೆದಿತ್ತು, ಗೇಟು ತೆರೆದಿತ್ತು, ಚಿಲಕ ತನ್ನ ಪಾಡಿಗೆ ಜೋತು ಬಿದ್ದಿತ್ತು. ಗಡಿಯಾರದಲ್ಲಿ ಹತ್ತೂಕಾಲು. ಉದಯಕುಮಾರ ಬರಿಗಾಲಲ್ಲಿ ರಸ್ತೆಗೆ ಬಂದ. ದೂರ ಹುಡುಕಬೇಕಾಗಲಿಲ್ಲ. ಎದುರು ಸಾಲಿನ ಮೂರನೆಯ ಮನೆ ಏಕನಾಥ ಅವರದು, ಬ್ಯಾಂಕಿನಿಂದ ನಿವೃತ್ತರಾದವರು, ಅಜ್ಜನ ಕಾಲದಿಂದಲೂ ಧಾರವಾಡದ ಹಾಡುವವರ ಮನೆತನ. ಅವರ ತಾಯಿ ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರು, ಮನೆಯ ಮುಂದೆ ನಾಲ್ಕು ಜೊತೆ ಚಪ್ಪಲಿ ಯಾವಾಗಲೂ ಇರುತ್ತಿದ್ದವು. ಆ ಗೇಟಿನಿಂದ ಹತ್ತು ಹೆಜ್ಜೆ ಆಚೆ, ರಸ್ತೆಯ ಅಂಚಿನಲ್ಲಿ, ಬಿಸಿಲಲ್ಲಿ, ಹುಲಗಪ್ಪ ನಿಂತಿದ್ದ. ತನ್ನ ಚಪ್ಪಲಿಗಳನ್ನು ಇನ್ನೂ ಹತ್ತು ಹೆಜ್ಜೆ ಹಿಂದೆ ಬಿಟ್ಟಿದ್ದ. ಟವೆಲ್ಲು ಹೆಗಲ ಮೇಲಿರಲಿಲ್ಲ, ಸೊಂಟಕ್ಕೆ ಕಟ್ಟಿದ್ದ. ಎಡಗೈ ಎದೆಯ ಹತ್ತಿರ ಮಡಚಿ ಏನನ್ನೋ ಆನಿಸಿಕೊಂಡಿತ್ತು, ಬಲಗೈ ಗಾಳಿಯಲ್ಲಿ ಕಾಯುತ್ತಿತ್ತು. ಮೂರು ವರ್ಷದಿಂದ ಗೋಡೆ ಹಿಡಿಯದೆ ನಡೆಯದ ಮನುಷ್ಯ ಅಲ್ಲಿಯವರೆಗೆ ನಡೆದಿದ್ದ, ಗೂನು ಇಲ್ಲದೆ ನಿಂತಿದ್ದ. ಏಕನಾಥ ಗೇಟು ತೆರೆದು ಹಿಡಿದುಕೊಂಡು, ಮುಂದೆ ಬರಲೂ ಆಗದೆ ಒಳಗೆ ಹೋಗಲೂ ಆಗದೆ ನಿಂತಿದ್ದರು.

"ಬರ್ರಿ ಸರ" ಎಂದರು ಅವರು, ದನಿ ತಗ್ಗಿಸಿ. "ನಿಮ್ಮ ತಂದಿಯವರು ಆಗಳಿಂದ ಬಿಸಲಾಗ ನಿಂತಾರ. ಒಳಗ ಬರ್ರಿ, ಕೂಡ್ರಿ ಅಂದ್ರ ಬರ್ಲಿಕ್ಕೆ ಒಲ್ಲೆ ಅಂತಾರ."

"ತಪ್ಪು ತಿಳ್ಕೋಬ್ಯಾಡ್ರಿ. ಅವರಿಗೆ ಮರವು ಅದ" ಎಂದ ಉದಯಕುಮಾರ. ಏಕನಾಥ ಅವರ ಮುಂದೆ ತನ್ನ ನಾಲಗೆ ಯಾವಾಗಲೂ ಅವರ ಮಾತಿನ ಧಾಟಿಗೆ ಹೊರಳುತ್ತದೆ ಎಂಬುದನ್ನು ಅವನು ಈಗಲೂ ಗಮನಿಸಿದ, ಇಂಥ ಹೊತ್ತಿನಲ್ಲೂ ಅದನ್ನು ಗಮನಿಸುವ ತನ್ನನ್ನು ಹಳಿದುಕೊಂಡ. ಅಪ್ಪನ ತೋಳು ಹಿಡಿದ. ತೋಳು ಬರಲಿಲ್ಲ. ಹುಲಗಪ್ಪ ಅವನ ಕಡೆ ನೋಡದೆ ಗೇಟಿನ ಕಡೆಗೆ ಬಾಗಿ, ಎರಡು ವರ್ಷದಲ್ಲಿ ಯಾರೂ ಕೇಳದಷ್ಟು ಸ್ಪಷ್ಟವಾಗಿ ಮಾತಾಡಿದ:

"ಧಣ್ಯಾರ, ಹೆಣಾ ಎಂದ ಎತ್ತತೀರ್ರಿ? ಇಪ್ಪತ್ತ ದಿನಾ ಆತ್ರಿ ಬಾರಸಾಕತ್ತು. ಕೂಳಿಲ್ಲದ ಕೈ ಸೋತಾವ್ರಿ. ಯಾರ ಹೋಗ್ಯಾರಂತ ಒಬ್ರೂ ಹೇಳವಲ್ರು. ಎತ್ತಿದ್ರ ಒಂದ ತುತ್ತ ಉಣತೇನ್ರಿ ಯಪ್ಪಾ."

ಉದಯಕುಮಾರನಿಗೆ ಅದು ತಿಳಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ಬಹುಶಃ ಮೊದಲೇ ತಿಳಿದಿತ್ತು. ಹೆಣ ಎತ್ತುವವರೆಗೆ ಹಲಗಿಯವನು ಉಣ್ಣುವಂತಿಲ್ಲ. ಚಹಾ ಕುಡಿಯಬಹುದು, ಕುಡಿದ ಬಟ್ಟಲನ್ನು ತಾನೇ ತೊಳೆದು ಹೊರಗೆ ಬೋರಲು ಹಾಕಬೇಕು. ಚಿಕ್ಕವನಿದ್ದಾಗ ಇಂಥ ಮನೆಗಳ ಮುಂದೆ ಅಪ್ಪನ ಪಕ್ಕ ಹಸಿದು ಕೂತದ್ದು ಅವನೇ, ದೊಡ್ಡವರ ಮನೆಯ ಹೆಣ ಬೆಂಗಳೂರಿನ ನೆಂಟರಿಗಾಗಿ ಎರಡು ದಿನ ಕಾದಾಗ ಅಪ್ಪ ಎರಡು ದಿನವೂ ಉಣ್ಣದೆ ಬಡಿದದ್ದನ್ನು ನೋಡಿದವನೂ ಅವನೇ. ಕೇರಿಯ ನಡುವೆ ನಿಂತು ಮಾಡಿದ ಭಾಷಣದಲ್ಲಿ ಅದನ್ನು ಹೇಳಿ ಜನರನ್ನು ಅಳಿಸಿದ್ದ. ಇಪ್ಪತ್ತೆರಡು ದಿನ ಬೆಳಿಗ್ಗೆ ಸಂಜೆ ಗೋಡೆಯ ಈಚೆ ಕೂತು ಸಾವಿನ ಕರೆ ಕಳಿಸಿದವನು ಅವನು. ಹಸಿದ ಕೈಯಿಂದ ಲಯ ಕಲಿತು, ಕ್ಲಾಸಿನಲ್ಲಿ ಶಹಬ್ಬಾಸ್ ಅನ್ನಿಸಿಕೊಂಡು ಬಂದಿದ್ದ. ಇಂಥದನ್ನು ಯಾವ ಗೌಡನೂ ಅಪ್ಪನಿಗೆ ಮಾಡಿರಲಿಲ್ಲ.

ಏಕನಾಥ ಅವರ ಮುಖ ಬಿಳಚಿತ್ತು. ಒಳಗೆ ತಾಯಿ ಜೀವ ಹಿಡಿದಿರುವ ಮನೆಯ ಮುಂದೆ ಹೆಣದ ಮಾತು. ಅವರು ಬೈದಿದ್ದರೆ ಉದಯಕುಮಾರನಿಗೆ ಒಂದು ದಾರಿ ಸಿಗುತ್ತಿತ್ತು, ಜಗಳಕ್ಕೆ ಬೇಕಾದ ಮಾತುಗಳೆಲ್ಲ ಅವನಲ್ಲಿ ಮೂವತ್ತು ವರ್ಷದಿಂದ ತಯಾರಿದ್ದವು. ಅವರು ಬೈಯಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು ಹುಲಗಪ್ಪನ ಬಲಗೈಯನ್ನೇ ನೋಡುತ್ತ, "ಇಷ್ಟೊತ್ತು ಇಲ್ಲಿ ನಿಂತು ಗಾಳ್ಯಾಗ ಬಾರಸ್ಲಿಕ್ಕತ್ತಿದ್ರು ಸರ. ನಾ ನೋಡಿದೆ. ಏನು ಲಯ!" ಎಂದರು. ಆಮೇಲೆ, "ಇಪ್ಪತ್ತು ವರ್ಷ ಎದುರಾಬದುರಾ ಇದ್ದೇವಿ. ತಂದಿಯವರು ಬಾರಸತಾರಂತ ನೀವು ಒಂದ ಸಲಾನೂ ಹೇಳ್ಲಿಲ್ಲಲ್ರಿ" ಎಂದರು. ಮಾತಿನಲ್ಲಿ ಮರ್ಯಾದೆ ಬಿಟ್ಟು ಇನ್ನೇನೂ ಇರಲಿಲ್ಲ. ಉದಯಕುಮಾರ ರಸ್ತೆಯ ಮೇಲಿದ್ದ ಅಪ್ಪನ ಚಪ್ಪಲಿಗಳನ್ನು ಎತ್ತಿಕೊಂಡ.

ಮನೆಯವರೆಗೆ ಹುಲಗಪ್ಪ ಬಂದ. ಹೊಸಿಲು ದಾಟಲಿಲ್ಲ. ಬಾಗಿಲ ಹೊರಗೆ, ಮೆಟ್ಟಿಲ ಕೆಳಗೆ, ಕುಕ್ಕರಗಾಲಲ್ಲಿ ಕೂತ. ಒಳಗೆ ಬಾ ಅಪ್ಪಾ ಎಂದು ಉದಯಕುಮಾರ ಎರಡು ಸಲ ಕರೆದ. ಬಲವಂತವಾಗಿ ಎತ್ತಲು ಬಗ್ಗಿದಾಗ ಮುದುಕ ಹೆದರಿ ಕೈ ಅಡ್ಡ ತಂದ. ಹೊಡೆತ ತಪ್ಪಿಸಿಕೊಳ್ಳುವ ಕೈ. ಆಮೇಲೆ ಅವನು ಎತ್ತಲಿಲ್ಲ. ಒಳಗೆ ಹೋಗಿ ಕರುಣಾ ಮಾಡಿಟ್ಟಿದ್ದ ರೊಟ್ಟಿಯನ್ನು ಮುರಿದು ಬಿಸಿ ಹಾಲಿನಲ್ಲಿ ನೆನೆಸಿದ, ಬೆಲ್ಲ ಹಾಕಿದ, ತಂದು ಮುಂದಿಟ್ಟ. ಹುಲಗಪ್ಪ ತಟ್ಟೆಯನ್ನು ನೋಡಿದ. ಗಂಟಲು ಒಮ್ಮೆ ಮೇಲೆ ಹೋಗಿ ಇಳಿಯಿತು. ಮುಖ ಆಚೆ ತಿರುಗಿಸಿದ.

"ಎತ್ಲಿಲ್ಲಲ್ರಿ ಇನ್ನೂ."

"ಯಾರೂ ಸತ್ತಿಲ್ಲಪ್ಪಾ. ಯಾರೂ ಸತ್ತಿಲ್ಲ. ಅದು ಗಿಟಾರ. ನಾನ ಬಾರಸಾಕತ್ತಿದ್ದೆ. ಉಣ್ಣು."

"ಹಂಗ ಅನಬ್ಯಾಡ್ರಿ. ಕರಿ ಬಂದೈತಿ. ನಾ ಕೇಳೇನಿ." ಬೆರಳುಗಳು ಮೆಟ್ಟಿಲ ಕಲ್ಲಿನ ಮೇಲೆ ಮೆಲ್ಲಗೆ ಓಡತೊಡಗಿದವು. "ಯಾರ ಹೋಗ್ಯಾರ ಅಷ್ಟ ಹೇಳ್ರಿ. ಹೆಸರ ಗೊತ್ತಿಲ್ಲದ ಎಷ್ಟ ದಿನಾ ಬಾರಸಲ್ರಿ?"

ಉದಯಕುಮಾರ ಅಪ್ಪನ ಎದುರು, ಅದೇ ಮೆಟ್ಟಿಲ ಕೆಳಗೆ ಕೂತ. ರಸ್ತೆಯಲ್ಲಿ ಯಾರೋ ಹಾಯ್ದರು, ನಮಸ್ಕಾರ ಸರ ಅಂದರು, ಅವನು ಕೈ ಎತ್ತಲಿಲ್ಲ. ಒಂದು ಹೆಸರು ಬೇಕಾಗಿತ್ತು. ಯಾರದಾದರೂ ಹೆಸರು, ಊರಿನ ಯಾವನೋ ಗೌಡನದು, ಹೇಗೂ ಸತ್ತು ಹೋದವರು ಬೇಕಾದಷ್ಟು ಮಂದಿ ಇದ್ದರು. ಹೇಳಿ, ಎತ್ತಿದರು ಎಂದೂ ಹೇಳಿದರೆ ಮುಗಿಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ಒಂದೇ ಹೆಸರು. ಅದು ಹೊರಗೆ ಬಂದಮೇಲೆಯೇ ಅವನಿಗೂ ಕೇಳಿಸಿತು.

"ಹುಲಗಪ್ಪನ ಮಗಾ ಹೋದ. ಉದಯಾ."

ಬೆರಳು ನಿಂತವು. ಹುಲಗಪ್ಪನ ಮುಖದ ಮೇಲೆ ದುಃಖವನ್ನು ಹುಡುಕಿದ ಉದಯಕುಮಾರನಿಗೆ ಅದು ಕಾಣಲಿಲ್ಲ. ಕಂಡದ್ದು ಯಾವುದೋ ಕಷ್ಟದ ಲೆಕ್ಕವನ್ನು ಬಿಡಿಸುವ ಪ್ರಯತ್ನ. ಎದೆಗೆ ಆನಿಸಿದ್ದ ಎಡಗೈ ನಿಧಾನವಾಗಿ ಕೆಳಗಿಳಿಯಿತು. ಬಲಗೈಯೂ ಮೆಟ್ಟಿಲ ಕಲ್ಲು ಬಿಟ್ಟಿತು. ಎರಡನ್ನೂ ತೊಡೆಯ ಸಂದಿಯಲ್ಲಿ ಹುದುಗಿಸಿಕೊಂಡ.

"ಹಂಗಾರ ಹಲಗಿ ಬ್ಯಾಡ್ರಿ" ಎಂದ. "ಅಂವಗ ಸೇರೂದಿಲ್ಲ. ಅವ್ರವ್ವ ಹೋದಾಗೂ ಬ್ಯಾಡಂದಾನ. ಮಂದಿ ಇರ್ತಾರ." ಮತ್ತೆ, ಬುದ್ಧಿ ಹೇಳುವವರ ಹಾಗೆ ಬಹಳ ಮೆತ್ತಗೆ, "ಸುಮ್ಮಕ ಎತ್ರಿ" ಎಂದ.

ಆಮೇಲೆ ತಟ್ಟೆಯ ಕಡೆ ನೋಡಿದ. ತಾನೇ ಎಳೆದುಕೊಂಡ. ಸೋತ ಕೈಯಿಂದ ತುತ್ತು ಬಾಯಿಗೆ ಸೇರಲಿಲ್ಲ. ಉದಯಕುಮಾರ ತುತ್ತು ಮಾಡಿ ಬಾಯಿಗಿಟ್ಟ. ಮುದುಕ ಲಗುಬಗೆಯಿಂದ ಉಂಡ, ಅಗಿಯದೆ ನುಂಗಿದ, ಗದ್ದದ ಮೇಲೆ ಹರಿದ ಹಾಲನ್ನು ನೆಕ್ಕಿಕೊಂಡ. ಒಂದು ರೊಟ್ಟಿಯಾಯಿತು. ಇನ್ನೊಂದು ತಂದ, ಅದರಲ್ಲೂ ಅರ್ಧವಾಯಿತು. ತುತ್ತಿನ ನಡುವೆ ಒಮ್ಮೆ ಮುಖ ಎತ್ತಿ, ಉಣಿಸುತ್ತಿದ್ದವನನ್ನು ಕಣ್ಣು ಕಿರಿದು ಮಾಡಿ ನೋಡಿ ಕೇಳಿದ: "ನೀವು ಯಾರ ಪೈಕಿರಿ?"

"ಹುಲಗಪ್ಪನ ಮಗಾ ನಾ" ಎಂದ ಉದಯಕುಮಾರ. ಜನ್ಮದಲ್ಲಿ ಮೊದಲ ಸಲ ಯಾರೋ ಕೇಳಿದ್ದಕ್ಕೆ ತಡವರಿಸದೆ ಹೇಳಿದ್ದ.

ಹುಲಗಪ್ಪ ತಲೆಯಾಡಿಸಿದ. "ಅಂವಗ ಒಬ್ಬನ ಮಗಾರಿ" ಎಂದ. "ಹೋದ ಅಂದ್ರೆಲ್ಲ ಈಗ." ಮತ್ತೆ ಬಾಯಿ ತೆರೆದ, ಮುಂದಿನ ತುತ್ತಿಗಾಗಿ.

ಹನ್ನೆರಡಕ್ಕೆ ಕರುಣಾ ಬಂದಾಗ ಮಾವ ಮಂಚದ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದ. ಕೈಗಳು ಹೊದಿಕೆಯ ಒಳಗಿದ್ದವು. ಅವಳು ಖಾಲಿ ತಟ್ಟೆಯನ್ನು ನೋಡಿದಳು, ಬುಟ್ಟಿಯಲ್ಲಿ ಉಳಿದ ರೊಟ್ಟಿ ಎಣಿಸಿದಳು, ನಂಬಲಾರದೆ ಮತ್ತೊಮ್ಮೆ ಎಣಿಸಿದಳು. ಉದಯಕುಮಾರ ಸಣ್ಣ ಕೋಣೆಯಲ್ಲಿ ಕೂತಿದ್ದ. ಆ್ಯಂಪಿನ ಸ್ವಿಚ್ಚಿನ ದೀಪ ಬೆಳಿಗ್ಗೆಯಿಂದ ಹಾಗೇ ಉರಿಯುತ್ತಿತ್ತು, ಸ್ಪ್ರಿಂಗುಗಳೊಳಗಿಂದ ಸಣ್ಣ ಗುಂಗು ಬರುತ್ತಿತ್ತು.

"ದೀಡ ರೊಟ್ಟಿ ಉಂಡಾರಲ್ರಿ!" ಎಂದಳು ಅವಳು, ಬಾಗಿಲಲ್ಲಿ ನಿಂತು. ದನಿ ಒಡೆದಿತ್ತು. "ತಿಂಗಳಾತು ನಾ ಬಡಕೊಳ್ಳಾಕತ್ತು, ನನ್ನ ಕೈಲೆ ಆಗಲಿಲ್ಲ. ಏನ ಹೇಳಿ ಉಣಿಸಿದ್ರಿ?"

ಅವಳು ಉತ್ತರಕ್ಕೆ ಕಾಯಲಿಲ್ಲ, ಕಣ್ಣು ಒರೆಸಿಕೊಳ್ಳುತ್ತ ಅಡುಗೆಮನೆಯ ಕಡೆ ನಡೆದಳು.

"ಸಂಜೀಕೂ ನೀವ ಉಣಸ್ರಿ ಹಂಗಾರ" ಎಂದು ಅಲ್ಲಿಂದಲೇ ಕೂಗಿದಳು. "ದಿನಾ ನೀವ ಉಣಸ್ರಿ."

ಉದಯಕುಮಾರ ಹೂಂ ಅಂದ.